ತಪ್ಪು ಒಪ್ಪಿಕೊಂಡವರು ಯಾರು?

ನಮ್ಮ ಕಪಾಟಿನಲ್ಲಿ ಒಂದು ಹಳೆಯ ಕಾಗದವಿದೆ. ಮುಚ್ಚಳಿಕೆ ಪತ್ರವೊಂದರ ನಕಲು. ಹಲವು ವರ್ಷಗಳ ಹಿಂದೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲೊಂದರ ಹಳ್ಳಿಯಲ್ಲಿ ಬರೆಸಿದ್ದು. ಹೆಸರು, ಊರು ಬೇಡ. ಆಕೆ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳು. ದಿನವೆಲ್ಲ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳು ಬಿಳಿಚಿಕೊಂಡು ಮನೆಗೆ ಬಂದರೆ, ಬೈಕು ಕೊಳ್ಳಲು ತವರಿನಿಂದ ಐವತ್ತು ಸಾವಿರ ತರಲಿಲ್ಲವೆಂದು ಹೊಡೆತ. ಮದುವೆಯಲ್ಲಿ ಇಟ್ಟ ಓಲೆ, ಸರ ಅದಾಗಲೇ ಗಿರವಿ ಅಂಗಡಿ ಸೇರಿದ್ದವು. ಒಂದು ದಿನ ಹಲ್ಲು ಮುರಿದಾಗ ಅವಳು ದೂರು ಕೊಡಲು ಹೊರಟಳು. ಹಿರಿಯರು ಸೇರಿದರು. ನಾವೂ ಹೋದೆವು. ಗಂಡ ಕೈಮುಗಿದು "ತಪ್ಪಾಯ್ತು" ಎಂದ. ಮುಚ್ಚಳಿಕೆ ಬರೆಸಿದ್ದಾಯಿತು, ಸಹಿ ಹಾಕಿಸಿದ್ದಾಯಿತು, ಎಲ್ಲರೂ ಕಾಫಿ ಕುಡಿದು ಎದ್ದದ್ದಾಯಿತು.

ಏಳು ತಿಂಗಳ ಮೇಲೆ ಒಂದು ಬೆಳಗಿನ ಜಾವ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಎಡಗೈ ಮುರಿದಿತ್ತು. ಆ ಕಾಗದವನ್ನು ಕೇಳಿ ಪಡೆದು, ನಿಧಾನವಾಗಿ ಪೂರ್ತಿ ಓದಿದಳು. ಓದಿ ಕೇಳಿದಳು: "ಅಕ್ಕಾ, ಇದರಲ್ಲಿ ಅವನು ಹೊಡೆದ ಅಂತ ಎಲ್ಲಿದೆ? ನಾನು ತಪ್ಪು ಮಾಡಿದೆ ಅಂತ ಮಾತ್ರ ಇದೆ."

ನಾವು ಆಗ ಆ ಕಾಗದವನ್ನು ಮೊದಲ ಸಲ ಓದಿದೆವು. "ನನಗೂ ನನ್ನ ಹೆಂಡತಿಗೂ ಸಂಸಾರದ ವಿಷಯದಲ್ಲಿ ಸಣ್ಣಪುಟ್ಟ ಮನಸ್ತಾಪಗಳು ಬಂದಿದ್ದು, ಹಿರಿಯರ ಬುದ್ಧಿಮಾತಿನಂತೆ ಈ ದಿನ ರಾಜಿಯಾಗಿರುತ್ತೇವೆ. ಇನ್ನು ಮುಂದೆ ಆಕೆ ಅನುಸರಿಸಿಕೊಂಡು ಹೋದಲ್ಲಿ ನಾನೂ ಅನ್ಯೋನ್ಯವಾಗಿ ನೋಡಿಕೊಳ್ಳುತ್ತೇನೆ." ಇದು ಗಂಡನ ಭಾಗ. ಅದರ ಕೆಳಗೆ ಅವಳದು: "ನಾನು ಇನ್ನು ಮುಂದೆ ಗಂಡನಿಗೂ ಅತ್ತೆಗೂ ಎದುರು ಮಾತನಾಡದೆ ಬಾಳ್ವೆ ಮಾಡುತ್ತೇನೆ. ದೂರು ಮುಂದುವರಿಸಲು ನನಗೆ ಇಚ್ಛೆ ಇರುವುದಿಲ್ಲ." ಮುರಿದ ಹಲ್ಲಿಲ್ಲ. ಐವತ್ತು ಸಾವಿರವಿಲ್ಲ. ಗಿರವಿ ಅಂಗಡಿಯಿಲ್ಲ. ಹೊಡೆದವನು ತಪ್ಪು ಒಪ್ಪಿಕೊಂಡನೆಂದು ನಾವು ನಂಬಿದ್ದ ಕಾಗದದಲ್ಲಿ ತಪ್ಪು ಒಪ್ಪಿಕೊಂಡಿದ್ದವಳು ಹೊಡೆಸಿಕೊಂಡವಳು.

ತಪ್ಪೊಪ್ಪಿಗೆ ದೊಡ್ಡ ಗುಣ ಎನ್ನುತ್ತೇವೆ. ಒಪ್ಪಿಕೊಂಡ ಮೇಲೆ ಇನ್ನೇನು, ಕ್ಷಮಿಸಬೇಕು ಎನ್ನುತ್ತೇವೆ. ಆದರೆ ನಮ್ಮ ಮನೆಗಳಲ್ಲಿ, ಪಂಚಾಯ್ತಿಗಳಲ್ಲಿ, ಠಾಣೆಗಳಲ್ಲಿ ಯಾರು ಒಪ್ಪಿಕೊಳ್ಳುತ್ತಾರೆ, ಏನನ್ನು ಒಪ್ಪಿಕೊಳ್ಳುತ್ತಾರೆ, ಯಾರ ಮುಂದೆ ಒಪ್ಪಿಕೊಳ್ಳುತ್ತಾರೆ, ಯಾತಕ್ಕಾಗಿ ಒಪ್ಪಿಕೊಳ್ಳುತ್ತಾರೆ ಎಂದು ಕೇಳಿದ್ದೇವೆಯೇ? ಈ ಸಂಚಿಕೆಯಲ್ಲಿ ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಹೆಣ್ಣಿನ ತಪ್ಪೊಪ್ಪಿಗೆಯನ್ನೇ ನೋಡೋಣ. "ತಪ್ಪಾಯ್ತು" ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಅವಳ ತಪ್ಪು. ಮದುವೆಯಾದ ವರ್ಷ ಮಾವ ತೀರಿಕೊಂಡರೆ ಅವಳ ಕಾಲ್ಗುಣ. ಹೆಣ್ಣು ಹುಟ್ಟಿದರೆ ಅವಳ ತಪ್ಪು. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಗಂಡಸಿನ ಬೀಜ ಎಂದು ಹೈಸ್ಕೂಲಿನ ಪುಸ್ತಕ ಹೇಳಿದರೂ ಸರಿಯೇ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಶ್ವತ್ಥದ ಸುತ್ತ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ನೀವು ನೋಡಿರುತ್ತೀರಿ. ಮಕ್ಕಳಾಗಲೆಂದು ಹರಸಿಕೊಂಡು ಪ್ರತಿಷ್ಠೆ ಮಾಡಿಸಿದವು ಅವುಗಳಲ್ಲಿ ಎಷ್ಟೋ. ಆ ನಂಬಿಕೆಯನ್ನು ನಾವು ಹಂಗಿಸುವುದಿಲ್ಲ. ಆದರೆ ಅಲ್ಲಿ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕುತ್ತ, ಎಂದೋ ಯಾವ ಜನ್ಮದಲ್ಲೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವವಳು ಯಾರು? ತಪಾಸಣೆಗೆ ಒಂದು ದಿನವೂ ಬಾರದ ಗಂಡ ಆ ಹೊತ್ತಿನಲ್ಲಿ ಎಲ್ಲಿರುತ್ತಾನೆ?

ಈ ಅಭ್ಯಾಸ ಸಾವಿನ ಹಾಸಿಗೆಯವರೆಗೂ ಅವಳನ್ನು ಬಿಡುವುದಿಲ್ಲ. ನಮ್ಮ ಕಡೆ ಸುಟ್ಟುಕೊಂಡ ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಒಯ್ಯುತ್ತಾರೆ. 1990ರ ದಶಕದಲ್ಲಿ ಅಲ್ಲಿಯ ಸುಟ್ಟಗಾಯದ ವಾರ್ಡಿನಲ್ಲಿ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೂತರು. ಕಡತಗಳಲ್ಲಿ "ಸ್ಟೌ ಸ್ಫೋಟ", "ಅಡುಗೆಮನೆ ಅಪಘಾತ" ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದೆ ಬೇರೆ ಕತೆಗಳಿವೆಯೆಂದು ನಾಡಿಗೆ ತೋರಿಸಿಕೊಟ್ಟರು. ಸಾಯುವವರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಕಾನೂನು ಮರಣ ಹೇಳಿಕೆಗೆ ದೊಡ್ಡ ಬೆಲೆ ಕೊಡುತ್ತದೆ. ಆದರೆ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಅತ್ತೆ ಬಾಗಿಲಲ್ಲಿ ನಿಂತಿರುವಾಗ ಆ ತಾಯಿ ಏನು ಹೇಳಬೇಕು? "ನನ್ನದೇ ತಪ್ಪು, ಸ್ಟೌ ಹಚ್ಚುವಾಗ ಸೆರಗಿಗೆ ಹತ್ತಿಕೊಂಡಿತು." ಈಗ ಮನೆಮನೆಗೆ ಗ್ಯಾಸ್ ಬಂದಿದೆ. ಸ್ಟೌ ಮಾತು ಕಡಿಮೆಯಾಗಿದೆ. "ಹೊಟ್ಟೆನೋವು ತಾಳಲಾರದೆ ನೇಣು ಹಾಕಿಕೊಂಡಳು" ಎಂಬ ಸಾಲು ಮಾತ್ರ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇದೆ.

ಮಾಡದ ತಪ್ಪನ್ನು ಒಪ್ಪಿಕೊಂಡು ಸಾಯುವವಳು ಇವಳು. ಮಾಡಿದ ತಪ್ಪನ್ನು ಹೆಸರಿಸದೆಯೇ ಒಪ್ಪಿಕೊಂಡವನೆಂಬ ಹೆಸರು ಪಡೆಯುವವನು ಅವನು. ನಮ್ಮ ಸಮಾಜದಲ್ಲಿ ತಪ್ಪೊಪ್ಪಿಗೆಯ ಲೆಕ್ಕ ಹೀಗೆ ನಡೆದಿದೆ.

ಕಾನೂನು ಏನು ಹೇಳುತ್ತದೆ? 1872ರ ಸಾಕ್ಷ್ಯ ಕಾಯ್ದೆ ಬರೆದವರಿಗೇ ಗೊತ್ತಿತ್ತು, ಠಾಣೆಯಲ್ಲಿ ಬಡಿದರೆ ಯಾರು ಏನನ್ನಾದರೂ ಒಪ್ಪಿಕೊಳ್ಳುತ್ತಾರೆ ಎಂದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಅದಕ್ಕೇ ಅದರ 25ನೇ ಕಲಮು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಲು ಬಂದವನಿಗೂ, "ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದು ನಿನ್ನ ವಿರುದ್ಧ ಬಳಕೆಯಾಗಬಹುದು" ಎಂದು ಅವರು ಮೊದಲೇ ತಿಳಿಸಬೇಕು. ಇದು ಒಳ್ಳೆಯ ನಿಯಮ. ಹೊಡೆತದ ನೋವು ಬಲ್ಲ ನಾವು, ಹೊಡೆದು ಒಪ್ಪಿಸಿರೆಂದು ಯಾರ ವಿಷಯದಲ್ಲೂ ಕೇಳುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ಆರೋಪಿ ಗಂಡಸಿಗೆ "ಯೋಚಿಸಿ ಮಾತಾಡು" ಎಂದು ಎಚ್ಚರಿಸಲು ನ್ಯಾಯಾಧೀಶರೇ ಇದ್ದಾರೆ. ಪಂಚಾಯ್ತಿ ಕಟ್ಟೆಯ ಮೇಲೆ ತಲೆ ತಗ್ಗಿಸಿ ನಿಂತ ಹೆಣ್ಣಿಗೆ "ಅಮ್ಮಾ, ನೀನು ಇದಕ್ಕೆ ಸಹಿ ಹಾಕಬೇಕಾಗಿಲ್ಲ" ಎನ್ನುವವರು ಯಾರಿದ್ದಾರೆ?

ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಆರೋಪಿ ಅಪರಾಧ ಒಪ್ಪಿಕೊಂಡು, ಬದಲಿಗೆ ಕಡಿಮೆ ಶಿಕ್ಷೆ ಪಡೆಯುವ ಚೌಕಾಸಿಗೆ 2006ರಿಂದ ನಮ್ಮ ದಂಡ ಪ್ರಕ್ರಿಯಾ ಕಾನೂನಿನಲ್ಲಿ ಅವಕಾಶವಿದೆ. ಆದರೆ ಹೆಂಗಸರ ಮೇಲೆ ನಡೆದ ಅಪರಾಧಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ವರದಕ್ಷಿಣೆ ನಿಷೇಧ ಕಾಯ್ದೆಯ ಅಪರಾಧಗಳೂ ರಾಜಿಯಾಗತಕ್ಕವಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯದ ವಿಷಯದಲ್ಲಿ ತಪ್ಪೊಪ್ಪಿಗೆಯನ್ನು ವ್ಯಾಪಾರಕ್ಕಿಡಬಾರದು ಎಂದು ಕಾನೂನೇ ಹೇಳಿರುವಾಗ ನಮ್ಮ ಜಗಲಿಗಳ ಮೇಲೆ ದಿನವೂ ನಡೆಯುವುದು ಅದೇ ವ್ಯಾಪಾರ. ಒಂದು "ತಪ್ಪಾಯ್ತು" ಕೊಡು, ಒಂದು ಕೇಸು ವಾಪಸು ತೆಗೆದುಕೋ.

ಹಾಗಾದರೆ ನಿಜವಾದ ತಪ್ಪೊಪ್ಪಿಗೆ ಹೇಗಿರುತ್ತದೆ? ದೂರ ಹೋಗಬೇಕಿಲ್ಲ, ಚಿಕ್ಕಬಳ್ಳಾಪುರದ ಪಕ್ಕದ ನಂದಿ ಬೆಟ್ಟಕ್ಕೆ ಬನ್ನಿ. 1927ರ ಬೇಸಿಗೆಯಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಇಲ್ಲಿ ವಾರಗಟ್ಟಲೆ ಉಳಿದಿದ್ದರು. ಅವರ ಆತ್ಮಕಥೆ 1925ರ ಕೊನೆಯಿಂದ 1929ರವರೆಗೆ ವಾರವಾರ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಕಾಲ ಅದು. ಹುಡುಗನಾಗಿದ್ದಾಗ ಅಣ್ಣನ ಕಡಗದಿಂದ ಚಿನ್ನ ಕದ್ದು, ಅದನ್ನು ಚೀಟಿಯಲ್ಲಿ ಬರೆದು ತಂದೆಯ ಕೈಗಿಟ್ಟು, ಶಿಕ್ಷೆಯನ್ನೂ ತಾನೇ ಕೇಳಿದ ಕತೆ ನಮಗೆಲ್ಲ ಪಾಠದಲ್ಲಿ ಬಂದಿತ್ತು. ಆದರೆ ಅದೇ ಪುಸ್ತಕದ ಇನ್ನೊಂದು ತಪ್ಪೊಪ್ಪಿಗೆಯನ್ನು ನಮಗೆ ಯಾರೂ ಪಾಠ ಮಾಡಲಿಲ್ಲ.

ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ, 1898ರಲ್ಲಿ ನಡೆದದ್ದು. ಮನೆಯಲ್ಲಿದ್ದ ಗುಮಾಸ್ತನೊಬ್ಬನ ಮೂತ್ರದ ಪಾತ್ರೆಯನ್ನು ಕಸ್ತೂರಬಾ ಎತ್ತಬೇಕಿತ್ತು. ಆತ ಅಸ್ಪೃಶ್ಯರೆನಿಸಿಕೊಂಡವರ ಮನೆಯಲ್ಲಿ ಹುಟ್ಟಿ ಕ್ರೈಸ್ತನಾದವನು. ಕಸ್ತೂರಬಾ ಅಳುತ್ತ ಎತ್ತಿದರು. ಎತ್ತಿದರೆ ಸಾಲದು, ನಗುನಗುತ್ತ ಎತ್ತಬೇಕು ಎಂಬುದು ಗಂಡನ ಹಟ. ಮಾತು ಬೆಳೆಯಿತು. ಗಾಂಧಿ ಹೆಂಡತಿಯ ಕೈಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋಗಿ ಹೊರಗೆ ತಳ್ಳಲು ಬಾಗಿಲು ತೆರೆದರು. ನಿಮಗೆ ನಾಚಿಕೆಯಿಲ್ಲವೇ, ಈ ಪರದೇಶದಲ್ಲಿ ನನಗೆ ಅಪ್ಪ ಅಮ್ಮ ಯಾರಿದ್ದಾರೆ, ಎಲ್ಲಿಗೆ ಹೋಗಲಿ ಎಂದು ಅವರು ಕಣ್ಣೀರಿನಲ್ಲಿ ಕೇಳಿದರು. ಗೌರಿಬಿದನೂರಿನಿಂದ ಚಿಂತಾಮಣಿಗೆ ಮದುವೆಯಾಗಿ ಹೋದವಳು ಕೇಳುವುದೂ ಇದೇ ಪ್ರಶ್ನೆಯಲ್ಲವೇ?

ಗಾಂಧಿ ಇದನ್ನು ಬರೆದ ರೀತಿ ನೋಡಿ. "ಸಣ್ಣಪುಟ್ಟ ಮನಸ್ತಾಪ" ಎಂದು ಬರೆಯಲಿಲ್ಲ. ಕೈ ಹಿಡಿದು ಎಳೆದದ್ದನ್ನು, ಬಾಗಿಲು ತೆರೆದದ್ದನ್ನು ಬರೆದರು. ಅವಳು ಎದುರು ಮಾತಾಡಿದ್ದರಿಂದ ಹೀಗಾಯಿತು ಎನ್ನಲಿಲ್ಲ. ತನ್ನನ್ನು ಹೆಂಡತಿಯ ಗುರುವೆಂದು ಭಾವಿಸಿ ಅವಳನ್ನು ಕಾಡಿದೆನೆಂದು ಬರೆದರು. ದೇಶವೆಲ್ಲ ಮಹಾತ್ಮ ಎನ್ನುತ್ತಿದ್ದ ಕಾಲದಲ್ಲಿ, ದೇಶವೆಲ್ಲ ಓದುವ ಪತ್ರಿಕೆಯಲ್ಲಿ ಬರೆದರು. ಹೀಗೆ ಬರೆದದ್ದರಿಂದ ಅವರಿಗೆ ಸಿಗುವಂಥದ್ದು ಏನೂ ಇರಲಿಲ್ಲ, ಕಳೆದುಕೊಳ್ಳುವಂಥದ್ದು ಇತ್ತು.

ಇಷ್ಟಾದರೂ ಸ್ತ್ರೀಯರಾಗಿ ನಾವು ಇನ್ನೊಂದು ಮಾತನ್ನು ಕೇಳಲೇಬೇಕು. ಅಂದಿನ ಘಟನೆಯ ಬಗ್ಗೆ ಕಸ್ತೂರಬಾ ಬರೆದ ಪುಟ ಎಲ್ಲಿದೆ? ತಪ್ಪು ಮಾಡಿದವನ ಕೈಯಲ್ಲಿ ಲೇಖನಿಯಿತ್ತು, ತಪ್ಪಿಗೆ ಗುರಿಯಾದವಳ ಕೈಯಲ್ಲಿ ಇರಲಿಲ್ಲ. ಗಂಡನ ತಪ್ಪೊಪ್ಪಿಗೆ ಎಷ್ಟೇ ಪ್ರಾಮಾಣಿಕವಾಗಿರಲಿ, ಹೆಂಡತಿಯ ಹೇಳಿಕೆಯ ಜಾಗವನ್ನು ಅದು ತುಂಬಲಾರದು. ಅವಳ ಮಾತು ಮೊದಲು ದಾಖಲಾಗಬೇಕು.

ಒಬ್ಬ ವ್ಯಕ್ತಿ ಒಪ್ಪಿಕೊಳ್ಳುವುದು ಒಂದು. ಊರಿಗೆ ಊರೇ ಒಪ್ಪದೇ ಹೋದರೆ? ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ನಾವು ಮರೆಯಬಾರದು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. ಸತ್ತವರಲ್ಲಿ ಹೆಂಗಸರೂ ಇದ್ದರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದರು. ಸುಟ್ಟವರು ಯಾರೂ ಇಲ್ಲ. ಜಾತಿಯ ಕ್ರೌರ್ಯವನ್ನೂ ಮನೆಯೊಳಗಿನ ಕ್ರೌರ್ಯವನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಸೊಸೆ ಸುಟ್ಟು ಸತ್ತ ಮನೆಯ ಬೀದಿಗೆ ಮಹಜರು ಮಾಡಲು ಪೊಲೀಸರು ಬಂದಾಗಲೂ ಇದೇ ಮೌನವನ್ನು ನಾವು ಕಂಡಿದ್ದೇವೆ. ಎಡಮನೆಯವರು ಕೇಳಿಲ್ಲ. ಬಲಮನೆಯವರು ನೋಡಿಲ್ಲ. ಎದುರು ಮನೆಯವರು ಅಂದು ಊರಲ್ಲೇ ಇರಲಿಲ್ಲ. ಎಷ್ಟೋ ರಾತ್ರಿ ಅವಳ ಕೂಗು ಕೇಳಿ ಟಿವಿಯ ಸದ್ದು ಹೆಚ್ಚಿಸಿದ ಕೈಗಳಿಗೆ ಒಪ್ಪಿಕೊಳ್ಳಲು ಏನೂ ಇಲ್ಲವೇ?

ಹೊರಗಿನ ಒಂದು ನಿದರ್ಶನ ಇಲ್ಲಿ ನೆನಪಾಗುತ್ತದೆ. ವರ್ಣಭೇದದ ಆಡಳಿತ ಮುಗಿದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಗಿ, 1996ರಿಂದ ಬಹಿರಂಗ ವಿಚಾರಣೆಗಳು ನಡೆದವು. ಮಾಡಿದ ಕ್ರೌರ್ಯವನ್ನು ಪೂರ್ತಿಯಾಗಿ, ಒಂದೂ ಬಿಡದೆ ಹೇಳಿದವರಿಗೆ ಮಾತ್ರ ಕ್ಷಮಾದಾನ ಎಂಬುದು ಷರತ್ತು. ಏಳು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಸಿಕ್ಕಿದ್ದು ಸುಮಾರು ಎಂಟುನೂರ ಐವತ್ತು ಮಂದಿಗೆ. ಪಶ್ಚಾತ್ತಾಪ ಪಡಬೇಕೆಂಬ ಷರತ್ತು ಇರಲಿಲ್ಲ. ಇದರಿಂದ ಎಷ್ಟೋ ಮನೆಯವರಿಗೆ ತಮ್ಮ ಮಕ್ಕಳು ಹೇಗೆ ಸತ್ತರೆಂಬ ಸತ್ಯ ಸಿಕ್ಕಿತು. ನ್ಯಾಯ ಸಿಗಲಿಲ್ಲವೆಂಬ ಕೊರಗೂ ಉಳಿಯಿತು. ನಾವು ಇದರಿಂದ ಕಲಿಯಬೇಕಾದದ್ದು ಎರಡು. ಕೊಂದವರಿಗೇ ಅಲ್ಲಿ "ಪೂರ್ತಿ ಹೇಳು" ಎಂದರು. ನಾವು ಒಂದು ಹಲ್ಲು ಮುರಿದವನಿಗೂ ಅಷ್ಟು ಕೇಳುವುದಿಲ್ಲ. ಮತ್ತು, ಪೂರ್ತಿ ಹೇಳಿದ ಮೇಲೂ ನ್ಯಾಯದ ಕೆಲಸ ಬಾಕಿ ಉಳಿದಿರುತ್ತದೆ.

ಆದ್ದರಿಂದ ಗೆಳತಿಯರೇ, ಇನ್ನು ಮುಂದೆ ಯಾರಾದರೂ ನಿಮ್ಮೆದುರು "ತಪ್ಪಾಯ್ತು" ಎಂದರೆ, ನಿಮ್ಮ ಸಂಘದ ಸಭೆಯಲ್ಲಿ ಮುಚ್ಚಳಿಕೆ ಬರೆಯಲು ಹೊರಟರೆ, ಕೆಲವು ಮಾತು ಕೇಳಿ. ಏನು ತಪ್ಪಾಯ್ತು? ಹೊಡೆದದ್ದಾದರೆ ಹೊಡೆದೆ ಎಂದು, ಯಾವ ದಿನ, ಯಾವುದರಿಂದ ಎಂದು ಬರೆಯಲಿ. ಹಣ ಕೇಳಿದ್ದಾದರೆ ಎಷ್ಟು ಕೇಳಿದೆ ಎಂದು ಬರೆಯಲಿ. "ಆಕೆ ಅನುಸರಿಸಿಕೊಂಡು ಹೋದಲ್ಲಿ" ಎಂಬ ಷರತ್ತು ಬಂದರೆ ಆ ಸಾಲನ್ನು ಅಲ್ಲೇ ಹೊಡೆದುಹಾಕಿ. ಬೀದಿಯಲ್ಲಿ ಜುಟ್ಟು ಹಿಡಿದು ಎಳೆದವನು ಕೋಣೆಯಲ್ಲಿ ಕ್ಷಮೆ ಕೇಳಿದರೆ ಸಾಲದು. ಯಾರೆದುರು ಅವಮಾನ ಮಾಡಿದನೋ ಅವರೆದುರೇ ಒಪ್ಪಿಕೊಳ್ಳಲಿ. ಕಿತ್ತುಕೊಂಡದ್ದನ್ನು ಹಿಂತಿರುಗಿಸಲಿ. ವರದಕ್ಷಿಣೆಯಾಗಿ ಬಂದದ್ದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮೇ ಹೇಳುತ್ತದೆ. ಗಿರವಿ ಅಂಗಡಿಯ ಚೀಟಿ ಕೈಗೆ ಬಾರದ ತಪ್ಪೊಪ್ಪಿಗೆ ಬರೀ ಗಾಳಿಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಷಮಿಸುವುದು ಬಿಡುವುದು ಅವಳ ಇಷ್ಟ. ಅವನು ಒಪ್ಪಿಕೊಂಡನೆಂದು ಅವಳು ವಾಪಸು ಹೋಗಬೇಕೆಂದಿಲ್ಲ, ದೂರು ಹಿಂತೆಗೆದುಕೊಳ್ಳಬೇಕೆಂದೂ ಇಲ್ಲ.

ಅವನು ಒಪ್ಪಿಕೊಳ್ಳಲಿ ಎಂದು ಕಾಯುತ್ತ ಕೂರುವ ಅಗತ್ಯವೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಮುಚ್ಚಳಿಕೆ ಕಪಾಟಿನಲ್ಲಿ ಮಲಗುತ್ತದೆ. ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಇಷ್ಟು ಹೇಳಿದ ಮೇಲೆ ನಮ್ಮ ಸರದಿ. ವರದಕ್ಷಿಣೆ ಕೊಡುವುದೂ ಅಪರಾಧ. ನಮ್ಮ ಬಳಗದಲ್ಲೇ ಮಗಳ ಮದುವೆಗೆ ಸಾಲ ಮಾಡಿ ಕೊಟ್ಟವರಿದ್ದೇವೆ, ಮಗನ ಮದುವೆಯಲ್ಲಿ "ಅವರಾಗಿಯೇ ಕೊಟ್ಟರು" ಎಂದು ಇಸಿದುಕೊಂಡವರೂ ಇದ್ದೇವೆ. ಅಂದು ಆ ಹಳ್ಳಿಯ ಜಗಲಿಯ ಮೇಲೆ ಕೂತಿದ್ದವರೂ ನಾವೇ. ಅವಳ ಕೈಗೆ ಪೆನ್ನು ಕೊಟ್ಟವರು ನಾವು. ಗಂಡ ಕೈಮುಗಿದದ್ದನ್ನು ಕಂಡು ನಮ್ಮ ಕೆಲಸ ಗೆದ್ದಿತೆಂದು ಹಿಗ್ಗಿದವರು ನಾವು. ಅವಳು ಸಹಿ ಹಾಕುವ ಮೊದಲು ಒಮ್ಮೆ ನಮ್ಮ ಮುಖ ನೋಡಿದ್ದಳು. "ಹಾಕಮ್ಮ, ಎಲ್ಲ ಸರಿಹೋಗುತ್ತೆ" ಎಂದವರು ನಾವು. ಕಾಗದವನ್ನು ಓದಿರಲಿಲ್ಲ. ಅವಳ ಮುರಿದ ಕೈಯಲ್ಲಿ ನಮ್ಮ ಪಾಲೂ ಇದೆ.

ಆ ಬೆಳಿಗ್ಗೆ ಇದನ್ನು ಅವಳೆದುರೇ ಹೇಳಿದೆವು. "ನಿನ್ನನ್ನು ವಾಪಸು ಕಳಿಸಿದ್ದು ನಮ್ಮ ತಪ್ಪು, ಓದದೆ ಸಹಿ ಹಾಕಿಸಿದ್ದು ನಮ್ಮ ತಪ್ಪು" ಎಂದೆವು. ಅವಳು ಅಳಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, "ಸರಿ ಅಕ್ಕಾ. ಈಗ ಅರ್ಜಿ ಬರೀರಿ. ನಾನು ಹೇಳಿದ ಹಾಗೇ ಬರೀರಿ. ಬರೆದಾದ ಮೇಲೆ ನನಗೆ ಓದಿ ಹೇಳಿ" ಎಂದಳು.

ಬರೆದೆವು. ಓದಿ ಹೇಳಿದೆವು. ಎರಡು ಕಡೆ ತಿದ್ದಿಸಿದಳು. ಆಮೇಲೆ ಸಹಿ ಹಾಕಿದಳು.